ಕಾರನ್ನು ಎಷ್ಟು ಇಳಿಸಬೇಕು ಅಂತ ಬಂಪ್ ಸ್ಟಾಪ್ ಹೇಳುತ್ತದೆ

ಟೈರಿಗೂ ಫೆಂಡರಿಗೂ ನಡುವೆ ದೊಡ್ಡ ಖಾಲಿ ಜಾಗ ಕಂಡರೆ ನನಗೆ ಸಮಾಧಾನವಿರುವುದಿಲ್ಲ. ಅದಕ್ಕೇ ನನ್ನ ಚಿಕ್ಕ ಹ್ಯಾಚ್‌ಬ್ಯಾಕನ್ನು 25 ಮಿ.ಮೀ. ಇಳಿಸಿದ್ದೇನೆ. ನೋಡೋಕೆ ಚೆಂದ. ತಿರುವಿನಲ್ಲಿ ಮೊದಲಿನಷ್ಟು ವಾಲುವುದಿಲ್ಲ. ಗುಂಡಿಗೆ ಬಿದ್ದರೂ ಬೆನ್ನಿಗೆ ಏಟು ಬೀಳುವುದಿಲ್ಲ. ದುಬಾರಿ ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಹಾಕಿಸಿಲ್ಲ, ಗ್ರೈಂಡರ್ ಹಿಡಿದು ಸ್ಪ್ರಿಂಗ್ ಕತ್ತರಿಸಿಯೂ ಇಲ್ಲ.

ಕಡಿಮೆ ಖರ್ಚಿನಲ್ಲಿ ಕಾರು ಇಳಿಸಬೇಕು ಅನ್ನುವವರು ಮೊದಲು ಕೇಳುವುದು ‘ಯಾವ ಸ್ಪ್ರಿಂಗ್ ತಗೊಳ್ಳಲಿ?’ ಅಂತ. ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ: ನಿಮ್ಮ ಕಾರಿನಲ್ಲಿ ಬಂಪ್ ಸ್ಟಾಪ್ ಎಷ್ಟು ದೂರದಲ್ಲಿದೆ ಅಂತ ಅಳೆಯಿರಿ. ಉಳಿದ ಎಲ್ಲ ಲೆಕ್ಕವೂ ಆ ಅಳತೆಯ ಮೇಲೆಯೇ ನಿಂತಿದೆ.

ಬಂಪ್ ಸ್ಟಾಪ್ ಅಂದರೆ ಶಾಕ್ ಅಬ್ಸಾರ್ಬರಿನ ರಾಡಿಗೆ ಪೋಣಿಸಿರುವ ಫೋಮಿನಂಥ ತುಂಡು. ಚಕ್ರ ಪೂರ್ತಿ ಮೇಲಕ್ಕೆ ಬಂದಾಗ ಲೋಹಕ್ಕೆ ಲೋಹ ಹೊಡೆಯದಂತೆ ತಡೆಯುವುದು ಅದರ ಕೆಲಸ. ಕಾರು ಸುಮ್ಮನೆ ನಿಂತಾಗ ಶಾಕಿನ ಮೈಗೂ ಬಂಪ್ ಸ್ಟಾಪಿಗೂ ನಡುವೆ ಸ್ವಲ್ಪ ಜಾಗ ಇರುತ್ತದೆ. ಸ್ಪ್ರಿಂಗ್ ಒಂಟಿಯಾಗಿ ಕೆಲಸ ಮಾಡುವುದು ಆ ಜಾಗದಲ್ಲಿ ಮಾತ್ರ. ಅದು ಮುಗಿದ ಮೇಲೆ ಬಂಪ್ ಸ್ಟಾಪ್ ತಾನೂ ಒಂದು ಸ್ಪ್ರಿಂಗ್ ಆಗಿಬಿಡುತ್ತದೆ, ಅದೂ ತುಂಬ ಗಟ್ಟಿ ಸ್ಪ್ರಿಂಗ್. ‘ಇಳಿಸಿದ ಕಾರು ಒರಟು’ ಅನ್ನುವ ದೂರು ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ಸ್ಪ್ರಿಂಗ್ ಗಟ್ಟಿಯಾಗಿ ಒರಟಾಗುವುದಕ್ಕಿಂತ, ಕಾರು ಬಂಪ್ ಸ್ಟಾಪಿನ ಮೇಲೆಯೇ ಓಡಾಡಿ ಒರಟಾಗುವುದು ಜಾಸ್ತಿ.

ನನ್ನ ಕಾರಿನ ಮುಂಭಾಗದಲ್ಲಿ ಈ ಜಾಗ 40 ಮಿ.ಮೀ. ಇತ್ತು. ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿ ಸೇರಿರುವ ಜೋಡಣೆ. ಅದರಲ್ಲಿ ಚಕ್ರ ಎಷ್ಟು ಮೇಲೆ ಬರುತ್ತದೋ ಸ್ಟ್ರಟ್ ಕೂಡ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಹಾಗಾಗಿ ಲೆಕ್ಕ ಸುಲಭ. 25 ಇಳಿಸಿದರೆ 15 ಉಳಿಯುತ್ತದೆ. 40 ಇಳಿಸಿದರೆ ಏನೂ ಉಳಿಯುವುದಿಲ್ಲ, ನಿಂತಲ್ಲೇ ಬಂಪ್ ಸ್ಟಾಪ್ ಮುಟ್ಟಿರುತ್ತದೆ. ಹಿಂದಿನ ಟಾರ್ಷನ್ ಬೀಮ್‌ನಲ್ಲಿ (ಎರಡೂ ಹಿಂದಿನ ಚಕ್ರಗಳನ್ನು ಸೇರಿಸುವ ಅಡ್ಡತೊಲೆ) ಸ್ಪ್ರಿಂಗ್ ಚಕ್ರಕ್ಕಿಂತ ಮುಂದೆ, ಬೀಮ್ ಬುಷ್‌ಗಳ (ಬೀಮ್ ಕಾರಿಗೆ ಸೇರುವ ಕೀಲಿನ ರಬ್ಬರ್) ಕಡೆಗೆ ಕೂತಿರುತ್ತದೆ. ಅಲ್ಲಿ ಸ್ಪ್ರಿಂಗ್ 20 ಮಿ.ಮೀ. ಗಿಡ್ಡವಾದರೆ ಕಾರು ಅದಕ್ಕಿಂತ ಜಾಸ್ತಿ ಇಳಿಯುತ್ತದೆ.

ದಿನನಿತ್ಯದ ಓಡಾಟಕ್ಕೆ ನಿಜವಾಗಿ ಎಷ್ಟು ಜಾಗ ಬೇಕು ಅಂತ ತಿಳಿಯೋಕೆ ಒಂದು ಕೇಬಲ್ ಟೈ ಸಾಕು. ಧೂಳಿನ ರಬ್ಬರ್ ಕವರನ್ನು ಮೇಲಕ್ಕೆ ಸರಿಸಿ, ಶಾಕಿನ ರಾಡಿಗೆ ಟೈ ಕಟ್ಟಿ, ಶಾಕಿನ ಮೈಗೆ ತಾಗುವಂತೆ ಕೆಳಗೆ ತಳ್ಳಿ. ಟೈ ಜಾರಬೇಕು, ಆದರೆ ತಾನಾಗಿ ಬೀಳಬಾರದು. ಆಮೇಲೆ ನೀವು ದಿನಾ ಹೋಗುವ ರಸ್ತೆಯಲ್ಲೇ, ದಿನಾ ಹೋಗುವ ವೇಗದಲ್ಲೇ ಹೋಗಿ ಬನ್ನಿ. ಶಾಕ್ ಕುಗ್ಗಿದಾಗಲೆಲ್ಲ ಟೈ ಮೇಲಕ್ಕೆ ಸರಿಯುತ್ತದೆ, ಅತಿ ಹೆಚ್ಚು ಕುಗ್ಗಿದ ಜಾಗದಲ್ಲಿ ನಿಂತಿರುತ್ತದೆ. ನಾನು ಒಬ್ಬನೇ ಕೂತು ಓಡಿಸಿದಾಗಿನ ಅಳತೆಗೂ ಹಿಂದಿನ ಸೀಟು ತುಂಬಿದಾಗಿನ ಅಳತೆಗೂ ದೊಡ್ಡ ವ್ಯತ್ಯಾಸ ಬಂತು. ನಿಮ್ಮ ಕಾರಿನಲ್ಲಿ ಯಾವಾಗಲೂ ಮನೆಮಂದಿ ಇರುತ್ತಾರೆ ಅನ್ನುವುದಾದರೆ ಆ ಅಳತೆಯನ್ನೇ ನಂಬಿ.

ಇನ್ನು ಸ್ಪ್ರಿಂಗ್ ಕತ್ತರಿಸುವ ವಿಚಾರ. ಇದು ಖರ್ಚೇ ಇಲ್ಲದ ದಾರಿ, ಆದ್ದರಿಂದ ಎಲ್ಲರ ಮನಸ್ಸಿಗೂ ಬರುತ್ತದೆ. ಸ್ಪ್ರಿಂಗಿನ ಸುತ್ತು ಕಡಿಮೆಯಾದಷ್ಟೂ ಅದು ಗಟ್ಟಿಯಾಗುತ್ತದೆ, ಇದು ನಿಜ. ಕೆಲಸ ಮಾಡುವ 6 ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಉಳಿಯುವುದು 5, ಗಟ್ಟಿತನ 20 ಶೇಕಡಾ ಏರುತ್ತದೆ. ಎಷ್ಟು ಇಳಿಯುತ್ತದೆ ಅಂದರೆ, ಭಾರ ಹೊತ್ತಾಗ ಆ ಒಂದು ಸುತ್ತು ಎಷ್ಟು ಎತ್ತರ ಹಿಡಿದಿತ್ತೋ ಅಷ್ಟು. ಅದು 30 ಮಿ.ಮೀ. ಅಂದುಕೊಳ್ಳೋಣ. ನನ್ನ ಕಾರಿನ 40ರಲ್ಲಿ 30 ಹೋದರೆ ಮುಕ್ಕಾಲು ಪಾಲು ಜಾಗ ಹೋದಂತೆ. ಸಿಕ್ಕಿದ್ದು 20 ಶೇಕಡಾ ಗಟ್ಟಿತನ, ಕಳಕೊಂಡಿದ್ದು 75 ಶೇಕಡಾ ಜಾಗ. ಈ ಲೆಕ್ಕ ಸರಿಹೋಗಲ್ಲ ಅಲ್ವಾ?

ಅಪಾಯ ಬೇರೆ ಇದೆ. ಸ್ಪ್ರಿಂಗಿನ ತುದಿ ತನ್ನ ಸೀಟಿನಲ್ಲಿ (ಸ್ಪ್ರಿಂಗನ್ನು ಹಿಡಿದಿಡುವ ತಟ್ಟೆ) ಸರಿಯಾಗಿ ಕೂರುವಂತೆ ಮಾಡಿರುತ್ತಾರೆ. ತುದಿಯ ಸುತ್ತು ಕಿರಿದಾಗಿ ಒಳಕ್ಕೆ ಬಾಗಿದ್ದರೆ, ಅದನ್ನು ಕತ್ತರಿಸಿದ ಮೇಲೆ ಸ್ಪ್ರಿಂಗ್ ಕೂರುವುದೇ ಇಲ್ಲ. ಚಕ್ರ ಕೆಳಗೆ ಜೋತಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ಸೀಟಿನಿಂದ ಜಾರಲೂಬಹುದು. ಗ್ಯಾಸ್ ಟಾರ್ಚಿನಿಂದ ಕಾಯಿಸಿ ಸ್ಪ್ರಿಂಗನ್ನು ಕುಸಿಯುವಂತೆ ಮಾಡಿ ಗಿಡ್ಡಗೊಳಿಸುವ ಪದ್ಧತಿಯಂತೂ ಬೇಡವೇ ಬೇಡ. ಸ್ಪ್ರಿಂಗ್ ಉಕ್ಕಿಗೆ ಕೊಟ್ಟ ಹದವೇ ಕಾವಿಗೆ ಹೋಗಿಬಿಡುತ್ತದೆ. ಆಮೇಲೆ ಅದು ಇನ್ನೂ ಕುಸಿಯಬಹುದು, ಮುರಿಯಲೂಬಹುದು. ನಿಮ್ಮ ಹಿಂದೆ ಮುಂದೆ ಬರುವವರ ಜೀವವೂ ಆ ಸ್ಪ್ರಿಂಗಿನ ಮೇಲಿದೆ. ದಯವಿಟ್ಟು ಮಾಡಬೇಡಿ.

ಹಾಗಾದರೆ ಕಡಿಮೆ ದುಡ್ಡಿಗೆ ಏನು ಮಾಡಬಹುದು? ನಾನು ಮೊದಲು ಹುಡುಕಿದ್ದು ಅದೇ ಮಾಡೆಲ್ಲಿನ ಸ್ಪೋರ್ಟ್ ಆವೃತ್ತಿ ಇದೆಯಾ ಅಂತ. ಎಷ್ಟೋ ಕಾರುಗಳಿಗೆ ಕಂಪನಿಯೇ 10–15 ಮಿ.ಮೀ. ತಗ್ಗಿನ ಸಸ್ಪೆನ್ಷನ್ ಕೊಟ್ಟಿರುತ್ತದೆ. ಅಂಥ ಕಾರು ಗುಜರಿಗೆ ಬಂದಾಗ ಸ್ಪ್ರಿಂಗ್, ಶಾಕ್, ಬಂಪ್ ಸ್ಟಾಪ್ ಮೂರೂ ಜೋಡಿಯಾಗಿ ಸಿಗುತ್ತವೆ. ಒಂದಕ್ಕೊಂದು ಹೊಂದುವಂತೆ ಇಂಜಿನಿಯರುಗಳು ಕೂತು ಮಾಡಿದ ಸೆಟ್ ಅದು. ಸ್ಪ್ರಿಂಗ್ ಮೇಲಿನ ಬಣ್ಣದ ಗುರುತು ನೋಡಿ ತಗೊಳ್ಳಿ. ಒಂದೇ ಮಾಡೆಲ್ಲಿನಲ್ಲೂ ಇಂಜಿನ್ ಭಾರಕ್ಕೆ ತಕ್ಕಂತೆ ಸ್ಪ್ರಿಂಗ್ ಬದಲಾಗುತ್ತದೆ. ಡೀಸೆಲ್ ಕಾರಿನ ಮುಂದಿನ ಸ್ಪ್ರಿಂಗನ್ನು ಹಗುರ ಪೆಟ್ರೋಲ್ ಕಾರಿಗೆ ಹಾಕಿದರೆ ಮೂಗು ಮೇಲೆದ್ದು ನಿಲ್ಲುತ್ತದೆ.

ನನ್ನ ಮಾಡೆಲ್ಲಿಗೆ ಅಂಥ ಸೆಟ್ ಸಿಗಲಿಲ್ಲ. ಹಾಗಾಗಿ ಹೆಸರಿರುವ ತಯಾರಕರ 25 ಮಿ.ಮೀ.ನ ಲೋವರಿಂಗ್ ಸ್ಪ್ರಿಂಗ್ ತಗೊಂಡೆ. ಉಳಿದ ದುಡ್ಡನ್ನು ಹೊಸ ಶಾಕಿಗೆ ಹಾಕಿದೆ. ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಬಜೆಟ್ ಚಿಕ್ಕದಿದ್ದರೆ ಇಳಿಸುವ ಅಳತೆ ಕಡಿಮೆ ಮಾಡಿ, ಶಾಕಿನ ಗುಣಮಟ್ಟ ಕಡಿಮೆ ಮಾಡಬೇಡಿ. ಕುಗ್ಗಿದ ಸ್ಪ್ರಿಂಗ್ ವಾಪಸ್ ಚಿಮ್ಮುವುದನ್ನು ಹಿಡಿದು ನಿಲ್ಲಿಸುವುದು ಶಾಕ್. ಸ್ಪ್ರಿಂಗ್ ಗಟ್ಟಿಯಾದಷ್ಟೂ ಆ ಹಿಡಿತ ಜಾಸ್ತಿ ಬೇಕು. ಹಳೇ ಸೋತ ಶಾಕಿನ ಮೇಲೆ ಹೊಸ ಗಟ್ಟಿ ಸ್ಪ್ರಿಂಗ್ ಹಾಕಿದರೆ ಒಂದು ಉಬ್ಬು ದಾಟಿದ ಮೇಲೂ ಕಾರು ಕುಣಿಯುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಬ್ರೇಕ್ ಹಾಕಿದರೆ ಟೈರಿನ ಹಿಡಿತವೂ ಏರುಪೇರಾಗುತ್ತದೆ.

ಇನ್ನೂ ಕೆಳಗೆ ಹೋಗದಿರುವುದಕ್ಕೆ ಮತ್ತೊಂದು ಕಾರಣ ಲೋವರ್ ಆರ್ಮ್, ಅಂದರೆ ಚಕ್ರದ ಕೆಳಭಾಗವನ್ನು ಕಾರಿನ ಮೈಗೆ ಸೇರಿಸುವ ತೋಳು. ಕಾರು ನಿಂತಾಗ ಅದು ಒಳಗಿನಿಂದ ಚಕ್ರದ ಕಡೆಗೆ ಸ್ವಲ್ಪ ಕೆಳಕ್ಕೆ ಇಳಿಜಾರಾಗಿರುತ್ತದೆ. 25 ಇಳಿಸಿದಾಗ ನನ್ನ ಕಾರಿನಲ್ಲಿ ಅದು ನೆಲಕ್ಕೆ ಸಮಾನಾಂತರವಾಯಿತು. ಅದಕ್ಕಿಂತ ಇಳಿಸಿದರೆ ಚಕ್ರದ ಕಡೆ ಮೇಲಕ್ಕೇರುತ್ತದೆ. ಆಗ ಸ್ಟ್ರಟ್ ಕಾರುಗಳಲ್ಲಿ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು), ಕಾರಿನ ಭಾರಕೇಂದ್ರ ಇಳಿದಿದ್ದಕ್ಕಿಂತ ಬೇಗ ಇಳಿಯುತ್ತದೆ. ಅವೆರಡರ ನಡುವಿನ ದೂರ ಹೆಚ್ಚಿದಷ್ಟೂ ತಿರುವಿನಲ್ಲಿ ಕಾರನ್ನು ವಾಲಿಸುವ ಬಲ ಹೆಚ್ಚುತ್ತದೆ. ಜಾಸ್ತಿ ಇಳಿಸಿದಷ್ಟೂ ಕಾರು ಚೆನ್ನಾಗಿ ತಿರುಗುತ್ತದೆ ಅನ್ನುವುದು ಒಂದು ಮಿತಿಯವರೆಗೆ ಮಾತ್ರ ನಿಜ. ಲಾಭದ ಲೆಕ್ಕವೂ ನೋಡಿ. ಭಾರಕೇಂದ್ರ ನೆಲದಿಂದ 550 ಮಿ.ಮೀ. ಮೇಲಿದೆ ಅಂದುಕೊಂಡರೆ, 25 ಇಳಿಸಿದಾಗ ತಿರುವಿನಲ್ಲಿ ಹೊರಗಿನ ಟೈರಿಗೆ ದಾಟುವ ಭಾರ ಕಡಿಮೆಯಾಗುವುದು ಸುಮಾರು ನಾಲ್ಕೂವರೆ ಶೇಕಡಾ. ಕಾರು ಬದಲಾಗಿದೆ ಅಂತ ನನಗೆ ಅನ್ನಿಸುವುದು ಬಹುಪಾಲು ಹೊಸ ಶಾಕಿನಿಂದ.

ಕೆಲಸ ನೀವೇ ಮಾಡುವುದಾದರೆ ಒಂದು ಮಾತು. ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಸ್ಪ್ರಿಂಗ್ ಪೂರ್ತಿ ಸಡಿಲವಾಗುವವರೆಗೆ ಸ್ಟ್ರಟ್ಟಿನ ಮೇಲಿನ ನಡುವಣ ನಟ್ ಬಿಚ್ಚಲೇಬಾರದು. ಅದರೊಳಗೆ ಕಾರಿನ ಒಂದು ಮೂಲೆಯ ಭಾರ ಹೊರುವ ಶಕ್ತಿ ಅದುಮಿಕೊಂಡು ಕೂತಿರುತ್ತದೆ. ಜಾಕಿನ ಮೇಲೆ ಮಾತ್ರ ನಂಬಿಕೆ ಇಟ್ಟು ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಅಭ್ಯಾಸ ಇಲ್ಲದಿದ್ದರೆ ಸ್ಟ್ರಟ್ ಬಿಚ್ಚಿ ಹೊರಗೆ ತೆಗೆದು, ಸ್ಪ್ರಿಂಗ್ ಬದಲಿಸುವುದನ್ನು ಮಾತ್ರ ಮೆಕ್ಯಾನಿಕ್ ಹತ್ತಿರ ಮಾಡಿಸಿ. ಅದಕ್ಕೆ ಖರ್ಚು ಕಡಿಮೆ. ಬಿಚ್ಚಿದ ಹಾಗೇ ಮೇಲಿನ ಮೌಂಟ್, ಬೇರಿಂಗ್ ಹಳತಾಗಿದ್ದರೆ ಬದಲಿಸಿಬಿಡಿ.

ತುಂಬಾ ಜನ ಬಿಟ್ಟುಬಿಡುವ ಕೆಲಸ ಇನ್ನೊಂದು. ಲೋವರ್ ಆರ್ಮ್ ಮತ್ತು ಹಿಂದಿನ ಬೀಮಿನ ಬುಷ್ ಬೋಲ್ಟುಗಳನ್ನು ಸಡಿಲಿಸಿದ್ದರೆ, ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗ ಬಿಗಿಯಬೇಡಿ. ಬುಷ್ಷಿನ ರಬ್ಬರ್ ಒಳಗಿನ ಲೋಹಕ್ಕೆ ಅಂಟಿಕೊಂಡಿರುತ್ತದೆ. ಜೋತಾಗ ಬಿಗಿದರೆ, ಕಾರು ನೆಲಕ್ಕೆ ಇಳಿದಾಗಿನಿಂದ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರದ ಕೆಳಗೆ ರ‍್ಯಾಂಪ್ ಕೊಟ್ಟು, ಭಾರ ಬಿದ್ದ ಮೇಲೆ ಬಿಗಿಯಿರಿ.

ಅಲೈನ್‌ಮೆಂಟನ್ನು ಮಾತ್ರ ಬಜೆಟ್ಟಿನಿಂದ ತೆಗೆಯಬೇಡಿ. ಹೊಸ ಸ್ಪ್ರಿಂಗ್ ಕೂತುಕೊಳ್ಳಲು ಸ್ವಲ್ಪ ಓಡಿಸಿ, ಆಮೇಲೆ ಮಾಡಿಸಿ. ಇಳಿಸಿದಾಗ ಟೈ ರಾಡಿನ (ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಕಡ್ಡಿ) ಕೋನ ಬದಲಾಗಿ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗುತ್ತದೆ. ಸ್ವಲ್ಪ ನೆಗೆಟಿವ್ ಕ್ಯಾಂಬರಿಗಿಂತ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ತಪ್ಪು ಟೋ ಟೈರನ್ನು ಬೇಗ ತಿನ್ನುತ್ತದೆ. ಎತ್ತರ ಅಳೆಯುವಾಗ ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಲೆಕ್ಕಕ್ಕೆ ಬಂದುಬಿಡುತ್ತವೆ.

ಹೆಡ್‌ಲೈಟ್ ಎತ್ತರ ಮತ್ತೆ ಸರಿಮಾಡಿಸಿ. ಮುಂದಿನ ಬ್ರೇಕ್ ಹೋಸ್, ಎಬಿಎಸ್ ವೈರ್ ಎಲ್ಲೂ ಉಜ್ಜದಂತೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಹಳೇ ಕಾರಾದರೆ ಹಿಂದಿನ ಆಕ್ಸಲಿನ ಹತ್ತಿರ ಬ್ರೇಕಿನ ಲೋಡ್ ವಾಲ್ವ್ ಇದೆಯಾ ಅಂತ ಬಗ್ಗಿ ನೋಡಿ. ಕಾರಿನ ಹಿಂಭಾಗ ಎಷ್ಟು ಕೂತಿದೆ ಅನ್ನುವುದರ ಮೇಲೆ ಅದು ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ಇಳಿಸಿದ ಕಾರು ಅದಕ್ಕೆ ಯಾವಾಗಲೂ ಲಗೇಜ್ ತುಂಬಿದ ಹಾಗೆ ಕಾಣುತ್ತದೆ. ಹಾಗಾಗಿ ಖಾಲಿ ಕಾರಿನಲ್ಲೂ ಹಿಂದಕ್ಕೆ ಜಾಸ್ತಿ ಒತ್ತಡ ಹೋಗಿ, ಗಟ್ಟಿ ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗಬಹುದು. ವಾಲ್ವಿನ ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸಿದ ಮೇಲೆಯೇ ಕಾರನ್ನು ರಸ್ತೆಗೆ ತನ್ನಿ.