ಹೊರಗೆ ಕೂತವರಿಗಾಗಿ ರೂಟರ್ ಆರಿಸುವುದು

ಆಫೀಸಿಗೆ ರೂಟರ್ ಬೇಕು ಅಂದರೆ ಅಂಗಡಿಯವರು ಮೊದಲು ಕೇಳುವುದು ಎಷ್ಟು ಜನ ಕೂರುತ್ತಾರೆ, ಎಷ್ಟು ರೂಮು ಅಂತ. ನಮ್ಮ ಆಫೀಸಿಗೆ ಆ ಪ್ರಶ್ನೆಯಿಂದ ಏನೂ ಉಪಯೋಗವಿಲ್ಲ. ಹುಬ್ಬಳ್ಳಿಯ ಒಂದು ಆಡಿಟರ್ ಆಫೀಸಿನಲ್ಲಿ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಕೋವಿಡ್ ಆದ ಮೇಲೆ ಇಲ್ಲಿ ಅರ್ಧ ಜನ ಮನೆಯಿಂದಲೇ ಕೆಲಸ ಮಾಡುತ್ತಾರೆ. ಒಬ್ಬರು ಶಿರಸಿ ಹತ್ತಿರದ ಹಳ್ಳಿಯಿಂದ, ಒಬ್ಬರು ಬೆಳಗಾವಿಯಿಂದ, ಮದುವೆಯಾಗಿ ಪುಣೆಗೆ ಹೋದ ಒಬ್ಬರು ಅಲ್ಲಿಂದ. ಟ್ಯಾಲಿ ಡೇಟಾ, ಕ್ಲೈಂಟ್‌ಗಳ ಸ್ಕ್ಯಾನ್ ಮಾಡಿದ ಕಾಗದ ಎಲ್ಲ ಇರುವುದು ಆಫೀಸಿನ ಸರ್ವರ್‌ನಲ್ಲಿ. ಅಂದರೆ ನಮ್ಮ ರೂಟರ್‌ಗೆ ಮುಖ್ಯ ಕೆಲಸ ಹೊರಗಿನವರನ್ನು ಒಳಗೆ ಬಿಡುವುದು. ಒಳಗಿನವರಿಗೆ ಇಂಟರ್ನೆಟ್ ಕೊಡುವುದು ಆಮೇಲಿನ ಮಾತು.

ಕೊಪ್ಪಿಕರ್ ರಸ್ತೆಯ ಅಂಗಡಿಯಲ್ಲಿ ನನಗೆ ತೋರಿಸಿದ್ದು ಆರು ಆಂಟೆನಾದ ಒಂದು ಡಬ್ಬ. "ಎಎಕ್ಸ್ 3000 ಐತಿ ನೋಡ್ರೀ ಸರ, ಮ್ಯಾಲಿನ ಮಹಡಿಗೂ ಹೊಡಿತೈತಿ" ಅಂದರು. ಸುಳ್ಳೇನಲ್ಲ. ಆದರೆ ಆ 3000 ಬರುವುದು ಎರಡು ವೈಫೈ ಬ್ಯಾಂಡುಗಳ ಲೆಕ್ಕ ಕೂಡಿಸಿ: 5 ಗಿಗಾಹರ್ಟ್ಸ್‌ನಲ್ಲಿ 2402 ಎಂಬಿಪಿಎಸ್, 2.4 ಗಿಗಾಹರ್ಟ್ಸ್‌ನಲ್ಲಿ 574. ಎರಡೂ ಕಾಗದದ ಮೇಲಿನ ವೇಗ. ಶಿರಸಿಯಲ್ಲಿ ಕೂತವರು ನಮ್ಮ ವೈಫೈ ಮುಟ್ಟುವುದೇ ಇಲ್ಲವಲ್ಲ. ಅವರಿಗೆ ಬೇಕಾದ್ದು ಬೇರೆ, ಮತ್ತು ಅದನ್ನು ಡಬ್ಬದ ಮೇಲೆ ದೊಡ್ಡದಾಗಿ ಯಾರೂ ಬರೆಯಲ್ಲ.

ರೂಟರ್‌ಗಿಂತ ಮೊದಲು ನೋಡಬೇಕಾದ್ದು ಬಂದಿರುವ ಲೈನು ಎಂಥದ್ದು ಅಂತ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಎಷ್ಟೋ ಆಫೀಸುಗಳಲ್ಲಿ ದುಬಾರಿ ರೂಟರ್ ತಂದು ಕೂರಿಸಿದ ಮೇಲೆ ತಿಳಿಯುವ ವಿಷಯ ಇದು. ಬ್ರಾಡ್‌ಬ್ಯಾಂಡ್ ಕಂಪನಿಗಳ ಹತ್ತಿರ ಐಪಿವಿ4 ವಿಳಾಸ (ಇಂಟರ್ನೆಟ್‌ನಲ್ಲಿ ಒಂದು ಲೈನನ್ನು ಗುರುತಿಸುವ ನಂಬರು) ಸಾಕಷ್ಟಿಲ್ಲ. ಹಾಗಾಗಿ ನೂರಾರು ಗಿರಾಕಿಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತಾರೆ. ಒಂದು ವಿಳಾಸವನ್ನು ಹಲವರಿಗೆ ಹಂಚುವುದಕ್ಕೆ ನ್ಯಾಟ್ ಅನ್ನುತ್ತಾರೆ, ಕಂಪನಿಯೇ ಹೀಗೆ ಮಾಡಿದರೆ ಸಿಜಿನ್ಯಾಟ್. ದೊಡ್ಡ ಅಪಾರ್ಟ್‌ಮೆಂಟಿನ ವಿಳಾಸ ಇದೆ, ಮನೆ ನಂಬರ್ ಇಲ್ಲ ಅಂದ ಹಾಗೆ: ನೀವು ಬರೆದ ಪತ್ರ ಹೊರಗೆ ಹೋಗುತ್ತದೆ, ಹೊರಗಿನಿಂದ ಬಂದದ್ದು ಗೇಟಿನಲ್ಲೇ ಉಳಿಯುತ್ತದೆ. ಯೂಟ್ಯೂಬ್, ಇಮೇಲ್ ಎಲ್ಲ ಚೆನ್ನಾಗಿ ನಡೆಯುವುದರಿಂದ ಆಫೀಸಿನಲ್ಲಿ ಯಾರಿಗೂ ಗೊತ್ತಾಗಲ್ಲ. ಹೊರಗಿನಿಂದ ವಿಪಿಎನ್ (ಇಂಟರ್ನೆಟ್ ಮೇಲೆ ಆಫೀಸಿಗೆ ಬರುವ ಗುಪ್ತ ದಾರಿ) ಹಾಕಲು ಹೋದಾಗಲೇ ಬಾಗಿಲು ಇಲ್ಲ ಅಂತ ತಿಳಿಯುವುದು.

ಪತ್ತೆ ಮಾಡುವುದು ಸುಲಭ. ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೂಟರ್‌ಗೆ ಹೊರಗಿನಿಂದ ಸಿಕ್ಕ ವಿಳಾಸ) ಅಂತ ಇರುತ್ತದಲ್ಲ, ಅದನ್ನು ಬರೆದುಕೊಳ್ಳಿ. ಗೂಗಲ್‌ನಲ್ಲಿ ನನ್ನ ಐಪಿ ಯಾವುದು ಅಂತ ಹುಡುಕಿ ಬಂದ ಸೈಟಿನಲ್ಲಿ ತೋರಿಸುವುದರ ಜೊತೆ ತಾಳೆ ನೋಡಿ. ಎರಡೂ ಐಪಿವಿ4 ವಿಳಾಸಗಳಾಗಿದ್ದು ಬೇರೆಬೇರೆ ಇದ್ದರೆ ಮುಂದೆ ಇನ್ನೊಂದು ನ್ಯಾಟ್ ಇದೆ ಅಂತ ಅರ್ಥ. ಅದರಲ್ಲೂ ವ್ಯಾನ್ ಐಪಿ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಸಂಶಯವೇ ಬೇಡ. 2012ರಲ್ಲಿ ಆ ವಿಳಾಸಗಳನ್ನು ತೆಗೆದಿಟ್ಟಿದ್ದೇ ಈ ಕೆಲಸಕ್ಕೆ. ನಮ್ಮದು ಹಾಗೇ ಇತ್ತು. ಕಸ್ಟಮರ್ ಕೇರ್‌ನವರು "ಸರ್, ನಿಮ್ಮ ಸ್ಪೀಡ್ ಸರಿಯಾಗಿದೆ, ಎಲ್ಲಾ ಓಪನ್ ಆಗುತ್ತೆ" ಅಂತ ಅದನ್ನೇ ಹೇಳುತ್ತಿದ್ದರು. ಅವರ ಹತ್ತಿರ ಸ್ಪೀಡ್ ಬಗ್ಗೆ ಮಾತಾಡಲೇಬೇಡಿ. ಸ್ಟಾಟಿಕ್ ಐಪಿ (ನಮಗೊಬ್ಬರಿಗೇ ಮೀಸಲಾದ, ಬದಲಾಗದ ವಿಳಾಸ) ಬೇಕು, ತಿಂಗಳಿಗೆ ಎಷ್ಟು ಜಾಸ್ತಿ ಆಗುತ್ತೆ ಅಂತ ನೇರವಾಗಿ ಕೇಳಿ. ಮನೆ ಪ್ಲಾನಿಗೆ ಕೊಡಲ್ಲ ಅಂದರೆ ಬಿಸಿನೆಸ್ ಪ್ಲಾನ್ ಕೇಳಿ. ಅದೂ ಇಲ್ಲ ಅಂದರೆ ಬೇರೆ ಕಂಪನಿ ನೋಡಿ.

ಇನ್ನೊಂದು ಕೆಲಸವನ್ನೂ ಅದೇ ಫೋನಿನಲ್ಲಿ ಮುಗಿಸಿಕೊಳ್ಳುವುದು ಒಳ್ಳೆಯದು. ಫೈಬರ್ ಬಂದು ಸೇರುವ ಬಿಳಿ ಡಬ್ಬವೇ ಸಾಮಾನ್ಯವಾಗಿ ರೂಟರ್ ಕೂಡ ಆಗಿರುತ್ತದೆ. ಅದನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಲೈನ್ ದಾಟಿಸುವುದಷ್ಟೇ) ಹಾಕಿಕೊಡಿ, ಲೈನಿಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಕೊಡಿ ಅಂತ ಕೇಳಿ. ಇಲ್ಲದಿದ್ದರೆ ಅವರ ಡಬ್ಬ ಒಂದು ನ್ಯಾಟ್ ಮಾಡುತ್ತದೆ, ನಿಮ್ಮ ರೂಟರ್ ಇನ್ನೊಂದು. ಪೋರ್ಟ್ (ಹೊರಗಿನವರು ಒಳಗೆ ಬರುವ ನಂಬರಿನ ಬಾಗಿಲು) ಎರಡೂ ಕಡೆ ತೆರೆಯುತ್ತಾ ಕೂರಬೇಕು.

ಈಗ ರೂಟರ್. ನಾವು ಕೊನೆಗೆ ತಂದಿದ್ದು ವೈಫೈಯೇ ಇಲ್ಲದ, ಕೇಬಲ್ ಚುಚ್ಚಲು ಐದು ಗಿಗಾಬಿಟ್ ಪೋರ್ಟ್ ಇರುವ, ಮೈಕ್ರೊಟಿಕ್ ಕಂಪನಿಯ ಸಣ್ಣ ರೂಟರ್. ಹತ್ತು ಸಾವಿರದೊಳಗೆ ಸಿಗುತ್ತದೆ. "ಇದಕ್ಕೆ ಆಂಟೆನಾನೇ ಇಲ್ಲವಲ್ಲೋ?" ಅಂತ ನಮ್ಮ ಸರ್ ಕೇಳಿದರು. ಒಳಗಿನವರ ವೈಫೈಗೆ ಛಾವಣಿಯಲ್ಲಿ ಬೇರೆ ಆಕ್ಸೆಸ್ ಪಾಯಿಂಟ್ ಹಾಕಿದ್ದೇವೆ. ವೈಫೈ ಹಳೆಯದಾದರೆ ಅದೊಂದನ್ನೇ ಬದಲಿಸಬಹುದು, ಬಾಗಿಲು ಕಾಯುವ ಯಂತ್ರವನ್ನು ಮುಟ್ಟಬೇಕಿಲ್ಲ. ಮೈಕ್ರೊಟಿಕ್ಕೇ ಆಗಬೇಕು ಅಂತಲೂ ಇಲ್ಲ. ಅದರ ಸೆಟ್ಟಿಂಗ್ಸ್ ಪುಟ ಮೊದಲ ಸಲ ನೋಡಿದವರಿಗೆ ಹೆದರಿಕೆಯೇ ಆಗುತ್ತದೆ. ಟಿಪಿ-ಲಿಂಕ್‌ನ ಒಮಾಡಾ ಸಾಲಿನವು ಇನ್ನೂ ಸಲೀಸು.

ನಾನು ಮುಖ್ಯವಾಗಿ ಹುಡುಕಿದ್ದು ವೈರ್‌ಗಾರ್ಡ್. ಇದು 2020ರ ಮಾರ್ಚ್‌ನಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ 5.6ರೊಳಗೇ ಸೇರಿದ ವಿಪಿಎನ್. ಮೈಕ್ರೊಟಿಕ್‌ನಲ್ಲಿ ಅದರ ಸಾಫ್ಟ್‌ವೇರ್ ರೂಟರ್‌ಒಎಸ್ 7ರಿಂದ ಇದೆ. ಸಣ್ಣ ಪ್ರೊಸೆಸರ್‌ನಲ್ಲೂ ಚುರುಕಾಗಿ ಓಡುತ್ತದೆ, ಮನೆಯ ನೆಟ್ ಹೋಗಿ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾದರೂ ಕನೆಕ್ಷನ್ ಕಡಿಯಲ್ಲ. ಅಗ್ಗದ ರೂಟರ್‌ಗಳ ಡಬ್ಬದ ಮೇಲೂ ವಿಪಿಎನ್ ಅಂತ ಬರೆದಿರುತ್ತದೆ. ಬಿಚ್ಚಿ ನೋಡಿದರೆ ಪಿಪಿಟಿಪಿ ಅನ್ನುವ ಹಳೆಯ ಬಗೆ. ಅದರ ಗುಪ್ತತೆ ಮುರಿದು ಎಷ್ಟೋ ಕಾಲವಾಯಿತು. ಓಪನ್‌ವಿಪಿಎನ್ ಭದ್ರವಾದದ್ದೇ, ಆದರೆ ಸಣ್ಣ ರೂಟರ್‌ನಲ್ಲಿ ಏದುಸಿರು ಬಿಡುತ್ತದೆ. ಹಾಗಾಗಿ ಡೇಟಾಶೀಟ್‌ನಲ್ಲಿ ಗಿಗಾಬಿಟ್ ಅನ್ನುವುದನ್ನು ಬಿಟ್ಟು ವಿಪಿಎನ್ ಥ್ರೂಪುಟ್ (ವಿಪಿಎನ್ ಮೂಲಕ ಸಿಗುವ ವೇಗ) ಎಷ್ಟು ಅಂತ ಬೇರೆ ಸಾಲು ಹುಡುಕಿ. ವಿಪಿಎನ್ ತಲೆನೋವು ಬೇಡ, ದೂರದಿಂದ ಆಫೀಸಿನ ಪರದೆ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ತೆರೆದುಬಿಡಿ ಅನ್ನುವ ಸಲಹೆಯೂ ಬರುತ್ತದೆ. ಅಂಥವರನ್ನು ಸರ್ವರ್ ಹತ್ತಿರ ಬಿಡಬೇಡಿ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ನುಗ್ಗುವ ದಾರಿಯೇ ಅದು.

ವಿಪಿಎನ್ ಹಾಕಿದ ದಿನ ಶಿರಸಿಯಿಂದ ಫೋನ್ ಬಂತು. "ಸರ್, ಕನೆಕ್ಟ್ ಆಗಿದೆ ಅಂತ ತೋರಿಸ್ತಿದೆ. ಆದ್ರೆ ಸರ್ವರ್ ಪುಟದ ಬದ್ಲು ನಮ್ಮ ತೋಟದ ಕ್ಯಾಮೆರಾ ಲಾಗಿನ್ ಕೇಳ್ತಾ ಇದೆ." ಆಫೀಸಿನ ಸರ್ವರ್ ವಿಳಾಸ 192.168.1.10, ಅವರ ಅಡಿಕೆ ತೋಟದ ಸಿಸಿ ಕ್ಯಾಮೆರಾ ಡಬ್ಬದ್ದೂ ಅದೇ. ಲ್ಯಾಪ್‌ಟಾಪ್ ಮೊದಲು ಪಕ್ಕದಲ್ಲಿರುವುದನ್ನೇ ಹುಡುಕುತ್ತದೆ, ಅಲ್ವಾ? ಮನೆಗೆ ಬರುವ ರೂಟರ್‌ಗಳು ಹೆಚ್ಚಾಗಿ 192.168.0 ಅಥವಾ 192.168.1 ಸಾಲಿನವು. ಆಫೀಸು ಆ ಸಾಲಿನಲ್ಲಿ ಇರಲೇಬಾರದು. ಒಂದು ಭಾನುವಾರ ಕೂತು ಇಡೀ ಆಫೀಸನ್ನು 10.47.20 ಸಾಲಿಗೆ ಎತ್ತಿ ಹಾಕಿದೆ. ಪ್ರಿಂಟರ್‌ಗಳಿಗೆ ಹಳೇ ವಿಳಾಸ ಮರೆಸುವುದರಲ್ಲೇ ಸಾಯಂಕಾಲ ಆಯಿತು.

ಅಪ್‌ಲೋಡ್ ವಿಷಯ ಗೊತ್ತಾಗಿದ್ದು 20ನೇ ತಾರೀಕು ಹತ್ತಿರ ಬಂದಾಗ. ತಿಂಗಳ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಕೊನೆಯ ದಿನ ಅಂದರೆ ನಮಗೆ ಜಾತ್ರೆ. ಆಫೀಸಿನಲ್ಲಿ ಯಾರೋ ಸ್ಕ್ಯಾನ್ ಫೋಲ್ಡರ್ ಒಂದನ್ನು ಗೂಗಲ್ ಡ್ರೈವ್‌ಗೆ ಏರಿಸುತ್ತಿದ್ದಂತೆ ಪುಣೆಯವರ ಪರದೆಯಲ್ಲಿ ಕರ್ಸರ್ ನಿಂತುಬಿಡುತ್ತಿತ್ತು. ಅವರು ನೋಡುವ ಪರದೆ ಆಫೀಸಿನಿಂದ ಹೊರಗೆ ಹೋಗಬೇಕಾದ್ದು, ಅದಕ್ಕೆ ನಮ್ಮ ಅಪ್‌ಲೋಡೇ ದಾರಿ. ಲೈನ್ ದೊಡ್ಡದು ಮಾಡಿಸಿದರೂ ಪೂರ್ತಿ ಹೋಗದ ರೋಗ ಇದು. ದೊಡ್ಡ ಫೈಲು ಸಾಲಿನಲ್ಲಿ ಮುಂದೆ ನಿಂತರೆ ಸಣ್ಣ ಪ್ಯಾಕೆಟ್‌ಗಳು (ಡೇಟಾ ತುಣುಕುಗಳು) ಹಿಂದೆ ಕಾಯುತ್ತವೆ. ರೂಟರ್‌ನಲ್ಲಿ ಕೇಕ್ ಅಥವಾ ಎಫ್‌ಕ್ಯೂ-ಕೋಡೆಲ್ ಅನ್ನುವ ಕ್ಯೂ (ಪ್ಯಾಕೆಟ್‌ಗಳಿಗೆ ಸರದಿ ಹಂಚುವ ವ್ಯವಸ್ಥೆ) ಇದ್ದರೆ ಅದನ್ನು ಹಾಕಿ, ಮಿತಿಯನ್ನು ನಿಜವಾದ ಅಪ್‌ಲೋಡ್‌ಗಿಂತ ಸುಮಾರು 10 ಪರ್ಸೆಂಟ್ ಕಡಿಮೆ ಇಡಿ. ಫೈಲ್ ಏರುವುದು ಸ್ವಲ್ಪ ತಡ, ಕರ್ಸರ್ ಮಾತ್ರ ನಿಲ್ಲಲ್ಲ.

ಕಂಪನಿ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತದೆ ಅಂತಲೂ ನೋಡಿಕೊಳ್ಳಿ. 2018ರಲ್ಲಿ ವಿಪಿಎನ್‌ಫಿಲ್ಟರ್ ಅನ್ನುವ ಮಾಲ್‌ವೇರ್ ಕನಿಷ್ಠ 5 ಲಕ್ಷ ರೂಟರ್, ಸ್ಟೋರೇಜ್ ಡಬ್ಬಗಳಿಗೆ ಹತ್ತಿತ್ತು. ಮೈಕ್ರೊಟಿಕ್ ಕೂಡ ಆ ಪಟ್ಟಿಯಲ್ಲಿತ್ತು, ಹಾಗಾಗಿ ಬ್ರ್ಯಾಂಡ್ ನಂಬಿ ಸುಮ್ನೆ ಕೂರುವಂತಿಲ್ಲ. ಕರೆಂಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸರ್ವರ್‌ಗೆ ಯುಪಿಎಸ್ ಇದ್ದು ಫೈಬರ್ ಡಬ್ಬಕ್ಕೆ ಇಲ್ಲದಿದ್ದರೆ ಹೊರಗಿನವರಿಗೆ ಸರ್ವರ್ ಇದ್ದರೂ ಇಲ್ಲದಿದ್ದರೂ ಒಂದೇ.

ಇನ್ನು ಎರಡನೇ ಲೈನು. ಎರಡು ಕಂಪನಿಯ ಫೈಬರ್ ತಗೊಂಡರೆ ಸಾಕು ಅನಿಸುತ್ತದೆ. ನಮ್ಮ ಬೀದಿಯಲ್ಲಿ ಎರಡೂ ಬರುವುದು ಒಂದೇ ಕಂಬದ ಮೇಲೆ, ಕೊಂಬೆ ಬಿದ್ದರೆ ಎರಡೂ ಹೋಗುತ್ತವೆ. ಅದಕ್ಕೆ ಬ್ಯಾಕಪ್‌ಗೆ ಸಿಮ್ ಹಾಕುವ 5ಜಿ ಡಬ್ಬ ಇಟ್ಟೆವು. ಆದರೆ ಸಿಮ್ಮಿನ ನೆಟ್ ಮತ್ತೆ ಸಿಜಿನ್ಯಾಟ್! ಆಫೀಸಿನವರು ರಿಟರ್ನ್ ಫೈಲ್ ಮಾಡಬಹುದು, ಹೊರಗಿನವರು ಒಳಗೆ ಬರುವಂತಿಲ್ಲ. ಕೊನೆಗೆ ಮುಂಬೈನ ಡೇಟಾ ಸೆಂಟರ್‌ನಲ್ಲಿ ಒಂದು ಸಣ್ಣ ಕ್ಲೌಡ್ ಸರ್ವರ್ ಬಾಡಿಗೆಗೆ ತಗೊಂಡೆ. ಫೈಬರ್ ಹೋದಾಗ ರೂಟರ್ ತಾನೇ ಹೊರಗೆ ಹೋಗಿ ಅದಕ್ಕೆ ವೈರ್‌ಗಾರ್ಡ್‌ನಲ್ಲಿ ಕೈಜೋಡಿಸುತ್ತದೆ, 25 ಸೆಕೆಂಡಿಗೊಮ್ಮೆ ಒಂದು ಪ್ಯಾಕೆಟ್ ಕಳಿಸಿ ದಾರಿ ತೆರೆದಿಟ್ಟುಕೊಳ್ಳುತ್ತದೆ. ಮೂವರೂ ಅಲ್ಲಿಗೇ ಬಂದು ಸೇರುತ್ತಾರೆ. ಮೊದಲೇ ಇದನ್ನೇ ಮಾಡಿ ಸ್ಟಾಟಿಕ್ ಐಪಿ ದುಡ್ಡು ಉಳಿಸಬಹುದಿತ್ತಲ್ಲ ಅಂದರೆ, ಹೌದು, ಉಳಿಸಬಹುದು. ಆದರೆ ಆಗ ದಿನದ ಕೆಲಸವೆಲ್ಲ ಹುಬ್ಬಳ್ಳಿಯಿಂದ ಶಿರಸಿಗೆ ಮುಂಬೈ ಸುತ್ತಿಕೊಂಡು ಹೋಗುತ್ತದೆ, ಟ್ಯಾಲಿ ಎಂಟ್ರಿ ಹೊಡೆಯುವವರ ಕೈಗೆ ಅದು ಗೊತ್ತಾಗುತ್ತದೆ. ಎರಡನ್ನೂ ಇಟ್ಟುಕೊಂಡಿದ್ದೇವೆ. ತಿಂಗಳ ಬಿಲ್ ನೋಡುವಾಗ ಮಾತ್ರ ನಮ್ಮ ಸರ್, "ಇಂಟರ್ನೆಟ್‌ಗೆ ಎಷ್ಟು ಮನೆ ಬಾಡಿಗೆ ಕಟ್ಟಬೇಕೋ ಮಾರಾಯಾ?" ಅಂತ ಕೇಳುತ್ತಾರೆ. ಕೇಳಿ ಸಹಿ ಹಾಕುತ್ತಾರೆ.