ತಾನೇ ನಡೆಯುವ ತೋಪು

ಬೋಫೋರ್ಸ್ ಅನ್ನೋದು ಒಂದು ತೋಪು ಅಂತ ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. 1989ರ ಚುನಾವಣೆ ಹೊತ್ತಿಗೆ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ದೊಡ್ಡವರ ಬಾಯಲ್ಲಿ ದಿನಾ ಅದೇ ಮಾತು. ಮನೆಯಲ್ಲಿ ಯಾರಾದರೂ ಅಂಗಡಿಯ ಚಿಲ್ಲರೆ ಲೆಕ್ಕ ಸರಿಯಾಗಿ ಒಪ್ಪಿಸದಿದ್ದರೆ ನಮ್ಮ ಸೋದರಮಾವ 'ಏನೋ, ಬೋಫೋರ್ಸ್ ಮಾಡ್ತಿದ್ದೀಯಾ?' ಅಂತ ಕೇಳೋರು. ಹಾಗಾಗಿ ಅದು ದುಡ್ಡು ನುಂಗುವುದಕ್ಕೆ ಇರುವ ಇನ್ನೊಂದು ಹೆಸರು ಅಂತಲೇ ನಾನು ನಂಬಿದ್ದೆ.

ಆ ತೋಪನ್ನು ಕೈಯಿಂದ ಮುಟ್ಟಿ ನೋಡಿದ್ದು ಬಹಳ ವರ್ಷ ಆದಮೇಲೆ, ಸೇನೆಯವರು ಜನರಿಗಾಗಿ ಏರ್ಪಡಿಸಿದ್ದ ಒಂದು ಪ್ರದರ್ಶನದಲ್ಲಿ. ಎಲ್ಲರ ಹಾಗೆ ನಾನೂ ಮೊದಲು ನಳಿಗೆ ನೋಡಿದೆ. ಆರು ಮೀಟರ್ ಉದ್ದದ ನಳಿಗೆ, ನೋಡದೆ ಇರೋಕೆ ಆಗುತ್ತಾ? ಪಕ್ಕದಲ್ಲಿ ಧಾರವಾಡದ ಕಡೆಯ ಮಾಜಿ ಹವಾಲ್ದಾರ್ ಒಬ್ಬರು ನಿಂತಿದ್ದರು. ಅವರೂ ನನ್ನ ಹಾಗೆ ನೋಡೋಕೆ ಬಂದವರು, ಆದರೆ ಇದೇ ತೋಪಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ನಾನು ಕನ್ನಡದಲ್ಲಿ ಫೋನ್ ಮಾತಾಡಿದ್ದು ಕೇಳಿಸಿಕೊಂಡು ಹತ್ತಿರ ಬಂದರು. 'ಸರ, ಎಲ್ಲಾರೂ ನಳಿಗಿ ನೋಡ್ತಾರ್ರಿ. ಇದನ್ನ ಯಾರೂ ನೋಡಂಗಿಲ್ಲ' ಅಂತ ಗಾಡಿಯ ಮೇಲಿದ್ದ ಒಂದು ಕಬ್ಬಿಣದ ಪೆಟ್ಟಿಗೆಯನ್ನು ತಟ್ಟಿದರು. ಒಳಗಿದ್ದದ್ದು ಒಂದು ಇಂಜಿನ್. 'ಲಾರಿ ಬಿಚ್ಚಿದ ಮ್ಯಾಲೆ ಇದು ತಾನ ನಡೀತೈತ್ರಿ.'

ನನಗೆ ನಗು ಬಂತು. ಸುಮಾರು 12 ಟನ್ ತೂಕದ ತೋಪು ತಾನೇ ನಡೆಯೋದು ಅಂದರೆ ಏನು?

ಎಳೆದುಕೊಂಡು ಹೋಗುವ ದೊಡ್ಡ ತೋಪಿನ ಕಷ್ಟ ಹಳೆಯದು. ನಮ್ಮ ವಿಜಯಪುರದ ಮಲಿಕ್-ಎ-ಮೈದಾನ್ ನೋಡಿ. ಸುಮಾರು 55 ಟನ್ ತೂಕ, 16ನೇ ಶತಮಾನದ್ದು. ಅದನ್ನು ಎಳೆದು ತರೋಕೆ ನೂರಾರು ಎತ್ತು, ಮೇಲೆ ಆನೆಗಳು ಬೇಕಾದವು ಅಂತ ಅಲ್ಲಿ ಇವತ್ತಿಗೂ ಹೇಳುತ್ತಾರೆ. ಹೊಡೆಯೋದು ಒಂದು ಕೆಲಸ, ಅದನ್ನು ಹೊಡೆಯುವ ಜಾಗಕ್ಕೆ ತಂದು ನಿಲ್ಲಿಸೋದು ಇನ್ನೊಂದು, ಕೊನೆಗೆ ಶತ್ರು ತಿರುಗಿ ಹೊಡೆಯೋಕೆ ಮೊದಲು ಅಲ್ಲಿಂದ ಎತ್ತಿಕೊಂಡು ಹೋಗೋದು ಮೂರನೆಯದು. ಮೂರನೆಯ ಕೆಲಸ ಮಲಿಕ್-ಎ-ಮೈದಾನ್‌ಗೆ ಬೇಕಿರಲಿಲ್ಲ. 20ನೇ ಶತಮಾನದ ತೋಪಿಗೆ ಅದೇ ಪ್ರಾಣದ ಪ್ರಶ್ನೆ ಆಯಿತು.

ಯಾಕೆ ಅಂದರೆ ರಾಡಾರ್. ಹಾರುತ್ತಿರುವ ಶೆಲ್‌ನ ದಾರಿ ಹಿಡಿದು, ಅದು ಎಲ್ಲಿಂದ ಹೊರಟಿತು ಅಂತ ಲೆಕ್ಕ ಹಾಕಿ ಹೇಳುವ ರಾಡಾರ್‌ಗಳು ಬಂದವು. 1980ರ ದಶಕದಲ್ಲಿ ಪಾಕಿಸ್ತಾನ ಅಮೆರಿಕದಿಂದ ಅಂಥ ರಾಡಾರ್ ಪಡೆಯಿತು. ಅಂದರೆ ನೀವು ಹೊಡೆದ ಸ್ವಲ್ಪ ಹೊತ್ತಿಗೆ ನಿಮ್ಮ ವಿಳಾಸ ಅವರ ಕೈಯಲ್ಲಿ. ಅಲ್ಲೇ ನಿಂತು ಬೆವರು ಒರೆಸಿಕೊಳ್ಳುತ್ತಾ ಇದ್ದರೆ ಕಥೆ ಮುಗೀತು.

ಸ್ವೀಡನ್‌ನ ಕಾರ್ಲ್‌ಸ್ಕೂಗ ಅನ್ನೋ ಊರಿನ ಬೋಫೋರ್ಸ್ ಕಂಪನಿ 1970ರ ದಶಕದಲ್ಲಿ ಎಫ್‌ಎಚ್-77 ತೋಪು ಮಾಡಿತು. (ನೊಬೆಲ್ ಬಹುಮಾನದ ಆಲ್ಫ್ರೆಡ್ ನೊಬೆಲ್ ತನ್ನ ಕೊನೆಯ ವರ್ಷಗಳಲ್ಲಿ ಇದೇ ಕಂಪನಿಯ ಮಾಲೀಕನಾಗಿದ್ದ. ಶಾಂತಿ ಬಹುಮಾನದವನು!) ಮೊದಲು ಬಂದ 'ಎ' ಮಾದರಿ ಸ್ವೀಡನ್ ಸೇನೆಗೆ. ಹೊರದೇಶಕ್ಕೆ ಮಾರಲು ತಿದ್ದಿ ತೀಡಿದ 'ಬಿ' ಮಾದರಿ ನಮಗೆ ಬಂದದ್ದು. ನಳಿಗೆಯ ಬಾಯಿ 155 ಮಿಲಿಮೀಟರ್, ಉದ್ದ 39 ಕ್ಯಾಲಿಬರ್. ಈ ಕ್ಯಾಲಿಬರ್ ಲೆಕ್ಕ ಸುಲಭ: ಬಾಯಿಯ ಅಗಲದ 39 ಪಟ್ಟು ಉದ್ದ ಅಂತ ಅರ್ಥ. ಗುಣಿಸಿ ನೋಡಿ, ಆರು ಮೀಟರ್ ಬರುತ್ತೆ.

ಜಾಣತನ ಇರೋದು ನಳಿಗೆಯ ಸುತ್ತಮುತ್ತ. ಲಾರಿಯಿಂದ ಬಿಡಿಸಿದ ಮೇಲೆ ಆ ಇಂಜಿನ್ ಗಾಡಿಯ ದೊಡ್ಡ ಚಕ್ರಗಳನ್ನು ಓಡಿಸುತ್ತೆ. ಹಿಂದಿನ ಎರಡು ಉದ್ದ ಕಾಲುಗಳ ಕೆಳಗೆ ಸಣ್ಣ ಚಕ್ರಗಳಿವೆ. ಮನುಷ್ಯ ಬಿರುಸಾಗಿ ನಡೆಯುವ ವೇಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಅಷ್ಟು ಸಾಕು. ಕಾಲು ಅಗಲಿಸಿ, ಅದರ ತುದಿಯ ಗುದ್ದಲಿಯಂಥ ತಟ್ಟೆಗಳನ್ನು ನೆಲಕ್ಕೆ ಊರಿ, ಹೊಡೆದು, ಮತ್ತೆ ಕಾಲು ಮಡಚಿ ಹೊರಡಬಹುದು. ಇನ್ನೊಂದು, ಶೆಲ್ ಎತ್ತಲು ತೋಪಿನ ಮೇಲೇ ಪುಟ್ಟ ಕ್ರೇನ್ ಇದೆ. ಒಂದು ಶೆಲ್ ಸುಮಾರು 43 ಕಿಲೋ, ಹೆಚ್ಚುಕಡಿಮೆ ಒಂದು ಸಿಮೆಂಟ್ ಚೀಲದ ಭಾರ. ಕೈಯಲ್ಲಿ ಎತ್ತಿ ನಾಲ್ಕು ಸಲ ತುಂಬಿದರೆ ಐದನೆಯದಕ್ಕೆ ಸೊಂಟ ಬಿದ್ದುಹೋಗುತ್ತೆ. ಇಲ್ಲಿ ಕ್ರೇನ್ ಎತ್ತಿ ತಟ್ಟೆ ಮೇಲೆ ಇಡುತ್ತೆ, ಯಂತ್ರವೇ ಒಳಗೆ ನೂಕುತ್ತೆ, ಹಿಂದೆ ಮದ್ದಿನ ಚೀಲ ಇಟ್ಟು ಬಾಗಿಲು ಮುಚ್ಚಿದರೆ ಆಯಿತು. ಹೀಗಾಗಿ ಮೊದಲ ಮೂರು ಶೆಲ್ ಹದಿನೈದು ಸೆಕೆಂಡಿನೊಳಗೆ ಹೊರಗೆ ಹೋಗಿರುತ್ತವೆ. ತೋಪಿನ ಹೊಡೆತದಲ್ಲಿ ಮೊದಲ ಕೆಲವು ಸೆಕೆಂಡಿಗೇ ಬೆಲೆ ಜಾಸ್ತಿ. ಆಮೇಲೆ ಎದುರಿಗಿದ್ದವರು ಗುಂಡಿಯೊಳಗೆ ಇಳಿದಿರುತ್ತಾರೆ.

ನಮ್ಮ ಸೇನೆಯ ಒಲವು ಮೊದಮೊದಲು ಫ್ರಾನ್ಸಿನ ಸೋಫ್ಮಾ ತೋಪಿನ ಕಡೆ ಇತ್ತು. ಅದು ಹೆಚ್ಚು ದೂರ ಹೊಡೆಯುತ್ತಿತ್ತು. 1986ರ ಫೆಬ್ರುವರಿಯಲ್ಲಿ, ಜನರಲ್ ಸುಂದರ್‌ಜಿ ಮುಖ್ಯಸ್ಥರಾಗಿದ್ದಾಗ, ಸೇನೆ ಬೋಫೋರ್ಸ್ ಕಡೆ ವಾಲಿತು. ಪಾಕಿಸ್ತಾನಕ್ಕೆ ರಾಡಾರ್ ಬಂದಿರುವಾಗ ದೂರಕ್ಕಿಂತ ಚುರುಕು ಮುಖ್ಯ, ಹೊಡೆದು ಜಾಗ ಖಾಲಿ ಮಾಡುವ ತೋಪು ಬೇಕು ಅನ್ನೋದು ಅವರ ವಾದ. ವಾದದಲ್ಲಿ ಹುರುಳಿತ್ತು ಅಂತ ನನಗನಿಸುತ್ತೆ, ಆಮೇಲೆ ದುಡ್ಡಿನ ವಿಷಯದಲ್ಲಿ ಏನೇ ಹೊರಬಿದ್ದಿರಲಿ. ಮಾರ್ಚ್ 24, 1986ಕ್ಕೆ ಸಹಿ ಬಿತ್ತು. 410 ತೋಪು, ಸುಮಾರು 1,437 ಕೋಟಿ ರೂಪಾಯಿ.

ಹಗರಣದ ಕಥೆ ಎಲ್ಲರಿಗೂ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. 1987ರ ಏಪ್ರಿಲ್‌ನಲ್ಲಿ ಸ್ವೀಡಿಷ್ ರೇಡಿಯೋ, ಈ ಒಪ್ಪಂದಕ್ಕಾಗಿ ಕಂಪನಿ ಲಂಚ ಕೊಟ್ಟಿದೆ ಅನ್ನೋ ಸುದ್ದಿ ಹೊರಹಾಕಿತು. ನಮ್ಮ ಚಿಕ್ಕೋಡಿಯ ಬಿ. ಶಂಕರಾನಂದ್ ಅಧ್ಯಕ್ಷರಾಗಿ ಜಂಟಿ ಸಂಸದೀಯ ಸಮಿತಿ ಕೂತಿತು. 1989ರ ಚುನಾವಣೆಯಲ್ಲಿ ರಾಜೀವ್ ಗಾಂಧಿ ಸರ್ಕಾರ ಬಿತ್ತು. ಕೇಸು ವರ್ಷಾನುಗಟ್ಟಲೆ ಎಳೆಯಿತು. 2004ರಲ್ಲಿ ದೆಹಲಿ ಹೈಕೋರ್ಟ್ ರಾಜೀವ್ ಗಾಂಧಿ ಮೇಲಿದ್ದ ಲಂಚದ ಆರೋಪವನ್ನು ತಳ್ಳಿಹಾಕಿತು, ಅಷ್ಟರಲ್ಲಿ ಅವರು ತೀರಿಹೋಗಿ ಹೆಚ್ಚುಕಡಿಮೆ 13 ವರ್ಷ ಆಗಿತ್ತು.

ಹವಾಲ್ದಾರರು ಸೇನೆ ಸೇರಿದ್ದು ಈ ಗಲಾಟೆಯ ನಂತರ. ತರಬೇತಿ ದೇವಳಾಲಿಯಲ್ಲಿ. ರಜಾ ಮೇಲೆ ಊರಿಗೆ ಹೋಗಿ, ಬೋಫೋರ್ಸ್ ಮೇಲೆ ಇದ್ದೀನಿ ಅಂದರೆ ಕಟ್ಟೆ ಮೇಲೆ ಕೂತವರು 'ನಿನಗೆಷ್ಟು ಪಾಲು ಬಂತೋ?' ಅಂತ ಕೇಳುತ್ತಿದ್ದರಂತೆ. ನಗುತ್ತಲೇ ಹೇಳಿದರು. ಆದರೆ ಬೇಜಾರು ಇನ್ನೂ ಇತ್ತು ಅನ್ನೋದು ಮುಖದಲ್ಲಿ ಕಾಣುತ್ತಿತ್ತು.

ಹಗರಣದಿಂದ ತೋಪಿಗೇ ಬಿದ್ದ ಪೆಟ್ಟು ಬೇರೆ. ಕಂಪನಿ ಜತೆ ವ್ಯವಹಾರ ನಿಂತಿತು. ಬಿಡಿಭಾಗಕ್ಕೆ ಪರದಾಟ ಶುರುವಾಯಿತು. ಒಂದು ತೋಪು ಬಿಚ್ಚಿ ಅದರ ಭಾಗಗಳಿಂದ ಇನ್ನೊಂದನ್ನು ನಡೆಸುವ ಸ್ಥಿತಿ ಬಂತು. ಇಲ್ಲೇ ತಯಾರಿಸಲು ಬೇಕಾದ ನಕ್ಷೆ, ಕಾಗದಪತ್ರ ಒಪ್ಪಂದದ ಪ್ರಕಾರ ನಮ್ಮ ಕೈಗೆ ಬಂದಿದ್ದವು. ಆದರೆ ಅವನ್ನು ಮುಟ್ಟುವ ಧೈರ್ಯ ಯಾರಿಗಿತ್ತು? ಸಾವಿರಾರು ಪುಟಗಳ ಕಟ್ಟು ಕಪಾಟು ಸೇರಿ ಧೂಳು ತಿಂದಿತು. ದೇಶ ದುಡ್ಡು ಕೊಟ್ಟು ತಂದ ವಿದ್ಯೆ ಅದು. ನನ್ನ ಕೇಳಿದರೆ ಲಂಚದ 64 ಕೋಟಿಗಿಂತ ದೊಡ್ಡ ನಷ್ಟ ಇದೇ.

ಆಮೇಲೆ 1999 ಬಂತು.

ಬೋಫೋರ್ಸ್ ಆರಿಸಿದ್ದು 'ಹೊಡೆದು ಓಡು' ಅನ್ನೋ ಲೆಕ್ಕದಲ್ಲಿ ಅಂದೆನಲ್ಲ, ಅದಕ್ಕೆ ಬಯಲು ಬೇಕು. ಕಾರ್ಗಿಲ್‌ನಲ್ಲಿ ಬಯಲೆಲ್ಲಿ? ದ್ರಾಸ್ ಕಣಿವೆ ಸುಮಾರು 3,300 ಮೀಟರ್ ಎತ್ತರದಲ್ಲಿದೆ. ಒಂದು ಹೆದ್ದಾರಿ, ಪಕ್ಕದಲ್ಲಿ ಹೊಳೆ, ಆಚೆ ಈಚೆ ಗೋಡೆಯಂಥ ಬೆಟ್ಟ. ಆ ಬೆಟ್ಟದ ತುದಿಯಲ್ಲೇ ಎದುರಾಳಿ ಕೂತಿದ್ದಾನೆ. ಓಡಿ ಎಲ್ಲಿಗೆ ಹೋಗ್ತೀರಿ? ರಸ್ತೆ ಬದಿಯ ಸಣ್ಣ ಸಮತಟ್ಟು ಜಾಗಗಳಲ್ಲಿ ತೋಪು ನಿಲ್ಲಿಸಬೇಕು, ಮೇಲಿನಿಂದ ಅವನಿಗೆ ಕಾಣುತ್ತೆ, ಅವನು ಹೇಳಿದ ಕಡೆ ಅವರ ತೋಪು ಹೊಡೆಯುತ್ತೆ. 'ಇಂಜಿನ್ ಇತ್ತಂತ ಆ ಸಣ್ಣ ಜಾಗದಾಗ ಹಿಂದ ಮುಂದ ಮಾಡಿ ನಿಲ್ಲಸ್ತಿದ್ವಿ, ಓಡಾಕೇನ್ ಜಾಗ ಇರ್ಲಿಲ್ರಿ' ಅಂದರು ಹವಾಲ್ದಾರರು.

ಹಾಗಾದರೆ ಅಲ್ಲಿ ಕೈಹಿಡಿದದ್ದು ಏನು? ಒಂದು, ನಳಿಗೆಯನ್ನು 70 ಡಿಗ್ರಿವರೆಗೂ ಮೇಲೆತ್ತಬಹುದಿತ್ತು. ಬೆಟ್ಟದ ಬುಡದಲ್ಲಿ ನಿಂತು ಶೆಲ್ಲನ್ನು ಬಹುತೇಕ ನೆಟ್ಟಗೆ ಆಕಾಶಕ್ಕೆ ಕಳಿಸಿ, ಆಚೆ ಇಳಿಜಾರಿನಲ್ಲಿ ಅಡಗಿದ ಬಂಕರ್ ಮೇಲೆ ಬೀಳಿಸಲು ಇದು ಬೇಕೇ ಬೇಕು. ಇನ್ನೊಂದು, ಗಾಳಿ. ಆ ಎತ್ತರದಲ್ಲಿ ಗಾಳಿ ಸಮುದ್ರ ಮಟ್ಟದ ಮುಕ್ಕಾಲು ಪಾಲಿಗಿಂತಲೂ ತೆಳು. ತಡೆ ಕಮ್ಮಿ, ಶೆಲ್ ಇನ್ನೂ ದೂರ ಹೋಗುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಕೈಯಲ್ಲಿರುವ ರೇಂಜ್ ಟೇಬಲ್, ಅಂದರೆ ನಳಿಗೆ ಎಷ್ಟು ಎತ್ತಿದರೆ ಶೆಲ್ ಎಷ್ಟು ದೂರ ಹೋಗುತ್ತೆ ಅನ್ನೋ ಪಟ್ಟಿ, ಬಯಲು ಸೀಮೆಯ ಲೆಕ್ಕದ್ದಾದರೆ ಶೆಲ್ ಗುರಿ ದಾಟಿ ಎಲ್ಲೋ ಬೀಳುತ್ತೆ. ತುದಿ ಅಂದರೆ ಕೆಲವೇ ಮೀಟರ್ ಅಗಲ, ಸ್ವಲ್ಪ ತಪ್ಪಿದರೆ ಶೆಲ್ ಆಚೆ ಕಣಿವೆಗೆ. ಹೊಡೆದು, ನೋಡಿ, ತಿದ್ದಿ, ಮತ್ತೆ ಹೊಡೆದು ಆ ಲೆಕ್ಕವನ್ನು ಅಲ್ಲೇ ಕಲಿಯಬೇಕಾಯಿತು.

ಆಮೇಲೆ ಅವರು ಮಾಡಿದ್ದು ಪುಸ್ತಕದ ಪ್ರಕಾರ ಹುಚ್ಚುತನ. ಇಂಥ ತೋಪು ಸಾಮಾನ್ಯವಾಗಿ ಗುರಿಯನ್ನು ಕಣ್ಣಲ್ಲಿ ನೋಡುವುದೇ ಇಲ್ಲ, ಹತ್ತಾರು ಕಿಲೋಮೀಟರ್ ಹಿಂದೆ ನಿಂತು ಲೆಕ್ಕದ ಮೇಲೆ ಹೊಡೆಯುತ್ತೆ. ಟೈಗರ್ ಹಿಲ್‌ನಂಥ ಕಡೆ ಬೋಫೋರ್ಸ್‌ಗಳನ್ನು ಬೆಟ್ಟಕ್ಕೆ ನೇರ ಮುಖ ಮಾಡಿ ನಿಲ್ಲಿಸಿ, ಬಂದೂಕಿನ ಹಾಗೆ ಕಣ್ಣಿಟ್ಟು ಹೊಡೆದರು. ಕಲ್ಲು ಪೇರಿಸಿ ಕಟ್ಟಿದ ಸಂಗರ್‌ಗಳು, ಅಂದರೆ ಕಲ್ಲಿನ ಬಂಕರ್‌ಗಳು, 105 ಎಂಎಂ ತೋಪಿನ ಸಣ್ಣ ಶೆಲ್‌ಗೆ ಸುಲಭಕ್ಕೆ ಜಗ್ಗುವಂಥವಲ್ಲ. 43 ಕಿಲೋದ ಶೆಲ್ ಬಂದು ಬಿದ್ದರೆ ಮಾತು ಬೇರೆ. ನಾವು ಕಣ್ಣಾರೆ ನೋಡಿ ಹೊಡೆಯುತ್ತೀವಿ ಅಂದರೆ ಅವರಿಗೂ ನಾವು ಕಾಣುತ್ತೀವಿ ಅನ್ನೋದು ತೋಪಿನವರಿಗೆ ಗೊತ್ತಿಲ್ಲದ ವಿಷಯವೇನಲ್ಲ.

ಜೂನ್ 13ಕ್ಕೆ ತೋಲೋಲಿಂಗ್, ಜುಲೈ 4ಕ್ಕೆ ಟೈಗರ್ ಹಿಲ್. ಬೆಟ್ಟ ಹತ್ತಿ ಗೆದ್ದದ್ದು ಕಾಲ್ದಳದ ಹುಡುಗರು, ಅದರಲ್ಲಿ ಎರಡು ಮಾತಿಲ್ಲ. ಅವರು ತುದಿಗೆ ಹತ್ತಿರ ಆಗುವವರೆಗೂ ಮೇಲಿದ್ದವರು ತಲೆ ಎತ್ತದ ಹಾಗೆ ನೋಡಿಕೊಂಡದ್ದು ತೋಪುಗಳು. ಬೋಫೋರ್ಸ್ ಒಂದೇ ಅಲ್ಲ, 105 ಎಂಎಂ, 130 ಎಂಎಂ, ಮಾರ್ಟರ್, ರಾಕೆಟ್ ಎಲ್ಲಾ ಸೇರಿ ಆ ಯುದ್ಧದಲ್ಲಿ ಎರಡೂವರೆ ಲಕ್ಷ ಶೆಲ್, ಬಾಂಬ್, ರಾಕೆಟ್ ಹಾರಿದವು ಅಂತ ಲೆಕ್ಕ. ಟೈಗರ್ ಹಿಲ್ ಬಿದ್ದ ದಿನವೊಂದರಲ್ಲೇ 9,000. ದ್ರಾಸ್‌ನ ಪಾಯಿಂಟ್ 5140ಕ್ಕೆ 2022ರಲ್ಲಿ 'ಗನ್ ಹಿಲ್' ಅಂತ ಹೆಸರಿಟ್ಟರು, ತೋಪಿನವರ ನೆನಪಿಗೆ.

ಹವಾಲ್ದಾರರ ಎಡಗಿವಿ ಕೇಳಿಸೋದಿಲ್ಲ. ಮಾತಾಡುವಾಗ ನನ್ನನ್ನು ತೋಳು ಹಿಡಿದು ಬಲಗಡೆಗೆ ನಿಲ್ಲಿಸಿಕೊಂಡರು. ಕಾರಣ ನಾನು ಕೇಳಲಿಲ್ಲ.

ಒಂದು ಕೊರತೆ ಮಾತ್ರ ಆ ಯುದ್ಧದಲ್ಲಿ ಬಹಳ ಕಾಡಿತು. ದೂರದ ತೋಪನ್ನು ಹುಡುಕಿ ಕೊಡುವ ರಾಡಾರ್ ಅವರ ಹತ್ತಿರ ಇತ್ತು, ನಮ್ಮ ಹತ್ತಿರ ಇರಲಿಲ್ಲ. ಯಾವ ರಾಡಾರ್‌ಗೆ ಹೆದರಿ ಈ ತೋಪು ಆರಿಸಿದೆವೋ, ಹದಿಮೂರು ವರ್ಷ ಆದರೂ ನಾವು ಅಂಥದ್ದೊಂದನ್ನು ತಂದಿರಲಿಲ್ಲ! ಅಮೆರಿಕದಿಂದ ಅಂಥವನ್ನು ಕೊಳ್ಳಲು ಒಪ್ಪಂದ ಆದದ್ದು 2002ರಲ್ಲಿ. ಅದರ ಬೆನ್ನಿಗೆ ಬಂದದ್ದು 'ಸ್ವಾತಿ'. ಬೆಂಗಳೂರಿನ ಸಿ.ವಿ. ರಾಮನ್ ನಗರದ ಡಿಆರ್‌ಡಿಒ ಲ್ಯಾಬ್ ರೂಪಿಸಿ, ಬಿಇಎಲ್ ತಯಾರಿಸಿದ ರಾಡಾರ್.

ತೋಪಿನ ವಿಷಯದಲ್ಲಿ ಇನ್ನೂ ಕಾದೆವು. ಬೋಫೋರ್ಸ್ ನಂತರ ಮುಂದಿನ 155 ಎಂಎಂ ಹೊಸ ತೋಪು ಸೇನೆಗೆ ಬರಲು 2017 ಆಯಿತು, ಅಮೆರಿಕದ ಎಂ-777. ತಮಾಷೆ ಅಂದರೆ ಅದನ್ನು ತಯಾರಿಸುವ ಬಿಎಇ ಸಿಸ್ಟಮ್ಸ್ ಅಷ್ಟರಲ್ಲಿ ಬೋಫೋರ್ಸ್‌ನ ತೋಪಿನ ವ್ಯಾಪಾರಕ್ಕೂ ಒಡೆಯ. ಸುತ್ತಿ ಬಳಸಿ ಅದೇ ಮನೆ ಬಾಗಿಲಿಗೆ ಬಂದಂಗಾಯ್ತು.

ಕಪಾಟಿನ ಆ ಕಾಗದಗಳಿಗೂ ಕೊನೆಗೆ ಬೆಳಕು ಕಂಡಿತು. ಅವುಗಳ ಆಧಾರದ ಮೇಲೆ ಜಬಲ್ಪುರದ ಗನ್ ಕ್ಯಾರಿಯೇಜ್ ಫ್ಯಾಕ್ಟರಿ 'ಧನುಷ್' ಮಾಡಿತು. ನಳಿಗೆ 45 ಕ್ಯಾಲಿಬರ್, ಅಂದರೆ ಸುಮಾರು ಏಳು ಮೀಟರ್. ಹೊಡೆತ 38 ಕಿಲೋಮೀಟರ್‌ವರೆಗೆ. ದಾರಿ ನೆಟ್ಟಗೇನೂ ಇರಲಿಲ್ಲ. ಪರೀಕ್ಷೆಯಲ್ಲಿ ನಳಿಗೆ ಸಿಡಿದದ್ದೂ ಉಂಟು, ಜರ್ಮನಿಯದ್ದು ಅಂತ ಚೀನಾದ ಬೇರಿಂಗ್ ದಾಟಿಸಿದ ಆರೋಪದ ಮೇಲೆ ಸಿಬಿಐ ಕೇಸು ಆದದ್ದೂ ಉಂಟು. (ಈ ತೋಪಿನ ಜಾತಕದಲ್ಲೇ ಸಿಬಿಐ ಬರೆದಿದೆಯೋ ಏನೋ.) 2019ರ ಏಪ್ರಿಲ್‌ನಲ್ಲಿ ಮೊದಲ ಆರು ಧನುಷ್ ಸೇನೆಯ ಕೈ ಸೇರಿದವು. ನಕ್ಷೆ ಬಂದು ಮೂವತ್ತು ವರ್ಷದ ಮೇಲಾಗಿತ್ತು.

ಧನುಷ್ ನೋಡಿದ್ದೀರಾ ಅಂತ ಹವಾಲ್ದಾರರನ್ನು ಕೇಳಿದೆ. ಇನ್ನೊಂದು ಕಡೆ ಪ್ರದರ್ಶನಕ್ಕೆ ಇಟ್ಟಾಗ ನೋಡಿದ್ದರಂತೆ. 'ಚಲೋ ಐತ್ರಿ. ನಳಿಗಿ ಉದ್ದ ಮಾಡ್ಯಾರ. ಇಂಜಿನ್ ಚಾಲೂ ಮಾಡಿ ತೋರಸ್ರಿ ಅಂದ್ನಿ, ಬಿಡ್ಲಿಲ್ರಿ' ಅಂದರು. ಹಾಗನ್ನುತ್ತಲೇ ಮತ್ತೊಮ್ಮೆ ಆ ಕಬ್ಬಿಣದ ಪೆಟ್ಟಿಗೆ ತಟ್ಟಿದರು. ಈ ಸಲ ಬಲಗಿವಿ ಹತ್ತಿರ ಇಟ್ಟುಕೊಂಡು.