ಕಲ್ಲಲ್ಲದ ಕಲ್ಲುಬಾನಿ

ಕಳೆದ ಭಾನುವಾರ ಹಿತ್ತಲಿನಲ್ಲಿ ಕುಳಿತು, ನಾನೇ ಮಾಡಿದ ಬಾನಿಗೆ ಗಿಡ ನೆಡುತ್ತಿದ್ದಾಗ ಬೇಲಿಯಾಚೆ ನಿಂತು ನೋಡುತ್ತಿದ್ದ ಪಕ್ಕದ ಮನೆಯ ವೃದ್ಧೆ, "ಥೇಟ್ ಹಳೆಯ ಕಲ್ಲಿನಂತೆಯೇ ಕಾಣುತ್ತದೆ. ನಿಮ್ಮ ಕಡೆ ನಿಜವಾದ ಕಲ್ಲುಬಾನಿಗಳೇ ಇದ್ದಿರಬೇಕಲ್ಲ, ಅವನ್ನೆಲ್ಲ ಏನು ಮಾಡಿದಿರಿ?" ಎಂದು ಕೇಳಿದರು. ಅವರು ಸಹಜವಾಗಿಯೇ ಕೇಳಿದ್ದರೂ ನನ್ನ ಕೈ ಅಲ್ಲಿಯೇ ನಿಂತಿತು.

ಈ ಕೆಲಸ ಕಲಿಸಿದವರೂ ಅವರೇ. ಇಂಗ್ಲೆಂಡಿನ ಹಳ್ಳಿಗಳಲ್ಲಿ ದನಕರುಗಳಿಗೆ ನೀರುಣಿಸುತ್ತಿದ್ದ ಕಲ್ಲುಬಾನಿಗಳು ಮೂಲೆಗೆ ಬಿದ್ದಾಗ, ತೋಟಗಾರರು ಅವುಗಳಲ್ಲಿ ಎತ್ತರದ ಬೆಟ್ಟಗಳ ಪುಟ್ಟ ಗಿಡಗಳನ್ನು ಬೆಳೆಸತೊಡಗಿದರು. 20ನೇ ಶತಮಾನದ ಮೊದಲರ್ಧದಲ್ಲಿ ಅವಕ್ಕೆ ಬೇಡಿಕೆ ಹೆಚ್ಚಿ, ಸಿಗುವುದೇ ಅಪರೂಪವಾದ ಮೇಲೆ, ಟೂಫಾ ಎಂಬ ಸುಣ್ಣದಂಶದ ರಂಧ್ರಮಯ ಕಲ್ಲನ್ನು ಹೋಲುವ ಹೈಪರ್‌ಟೂಫಾ ಎಂಬ ಮಿಶ್ರಣ ಬಳಕೆಗೆ ಬಂತು.

ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಪರ್ಲೈಟ್ (ಕಾಯಿಸಿ ಉಬ್ಬಿಸಿದ ಜ್ವಾಲಾಮುಖಿ ಶಿಲೆಯ ಹಗುರ ಬಿಳಿ ಹರಳು), ಒಂದೂವರೆ ಪಾಲು ಪೀಟ್ ಸೇರಿಸುವುದು ರೂಢಿ. ಪೀಟ್ ಎಂದರೆ ಜೌಗು ನೆಲದಲ್ಲಿ ವರ್ಷಕ್ಕೆ ಸುಮಾರು 1 ಮಿಲಿಮೀಟರ್‌ನಷ್ಟೇ ಬೆಳೆಯುವ, ಅರೆಕೊಳೆತ ಪಾಚಿಯ ಪದರ. ಅದನ್ನು ಅಗೆದು ತರಿಸಲು ಮನಸ್ಸೊಪ್ಪದೆ ನಾನು ತೆಂಗಿನ ನಾರಿನ ಪುಡಿಯನ್ನು ಜರಡಿ ಹಿಡಿದು ಬೆರೆಸಿದೆ. ಅದರ ಒಣಗಿದ ಇಟ್ಟಿಗೆ ನೀರಿನಲ್ಲಿ ಉಬ್ಬಿ ಅರಳಿದಾಗ ಎದ್ದ ವಾಸನೆ, ಮಳೆಯಲ್ಲಿ ನೆನೆದ ತೆಂಗಿನ ಸಿಪ್ಪೆಯ ರಾಶಿಯ ಪಕ್ಕಕ್ಕೇ ನನ್ನನ್ನು ಕರೆದೊಯ್ದಿತು.

ನೀರಿನ ಹದವೇ ಇಲ್ಲಿ ಮುಖ್ಯ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿನಿಂದ ಎರಡು ಮೂರು ಹನಿ ಮಾತ್ರ ಜಿನುಗಬೇಕು. ಸಿಮೆಂಟ್ ಚರ್ಮವನ್ನು ಸುಡುತ್ತದೆ, ದೂಳು ಶ್ವಾಸಕೋಶಕ್ಕೆ ಇಳಿಯುತ್ತದೆ. ಆದ್ದರಿಂದ ಕೈಗವಸು, ಮುಖಗವಸುಗಳಿಲ್ಲದೆ ಇದಕ್ಕೆ ಕೈ ಹಾಕಬಾರದು. ರಟ್ಟಿನ ಪೆಟ್ಟಿಗೆಯ ಅಚ್ಚಿನೊಳಗೆ 5 ಸೆಂಟಿಮೀಟರ್ ದಪ್ಪಕ್ಕೆ ಒತ್ತಿ, ನೀರು ಬಸಿಯಲು ತಳದಲ್ಲಿ ಕೋಲು ಚುಚ್ಚಿ, ಎರಡು ದಿನ ಪ್ಲಾಸ್ಟಿಕ್ ಹೊದಿಸಿಟ್ಟೆ. ಆಮೇಲೆ ತಂತಿಯ ಬ್ರಷ್‌ನಿಂದ ಅಂಚುಗಳನ್ನು ಉಜ್ಜಿ ಒರಟಾಗಿಸಿ, ನಾಲ್ಕು ವಾರ ನೆರಳಿನಲ್ಲಿ ತೇವವಾಗಿಟ್ಟು ಗಟ್ಟಿಯಾಗಲು ಬಿಟ್ಟೆ. ಸಿಮೆಂಟಿನ ಸುಣ್ಣ ಬೇರಿಗೆ ತಾಗದಿರಲೆಂದು ಮತ್ತೆ ಮತ್ತೆ ನೀರು ತುಂಬಿ ಚೆಲ್ಲಿದೆ.

ವೃದ್ಧೆಯ ಪ್ರಶ್ನೆಗೆ ಇದ್ದ ಸಂಗತಿಯನ್ನೇ ಹೇಳಿದೆ. ಅಜ್ಜಿಯ ಮನೆಯ ಕೊಟ್ಟಿಗೆಯ ಮುಂದೆ ಒಂದೇ ಕಪ್ಪು ಕಲ್ಲಿನಲ್ಲಿ ಕಡೆದ ಬಾನಿಯಿತ್ತು. ದನಗಳು ಕುತ್ತಿಗೆ ಉಜ್ಜಿ ಉಜ್ಜಿ ಅದರ ಒಂದು ಅಂಚು ಕನ್ನಡಿಯಂತೆ ನುಣುಪಾಗಿತ್ತು. ಕೊಟ್ಟಿಗೆ ಕೆಡವಿದ ವರ್ಷ ಅದನ್ನು ಸುತ್ತಿಗೆಯಿಂದ ಒಡೆದು ಕಾರಿನ ಶೆಡ್ಡಿನ ಪಾಯಕ್ಕೆ ತುಂಬಿದರು. ಆ ದಿನ ನಾನೂ ಅಲ್ಲಿಯೇ ಇದ್ದೆ, ಬೇಡವೆನ್ನಲಿಲ್ಲ.

ಅವರು ಏನನ್ನೂ ಹೇಳದೆ ಒಳಗೆ ಹೋಗಿ, ತಮ್ಮ ಹಳೆಯ ಬಾನಿಯಿಂದ ಸೆಂಪರ್‌ವೈವಮ್ ಎಂಬ, ದಪ್ಪ ಎಲೆಗಳ ಪುಟ್ಟ ಗಿಡದ ನಾಲ್ಕು ಮರಿಗಳನ್ನು ಕಿತ್ತು ತಂದುಕೊಟ್ಟರು. ನೀರು ನಿಂತರೆ ಕೊಳೆಯುವ ಗಿಡವಾದ್ದರಿಂದ ಮಣ್ಣಿಗೆ ಅರ್ಧದಷ್ಟು ಸಣ್ಣ ಜಲ್ಲಿ ಬೆರೆಸಿ, ಅಂಚಿನ ಕಡೆಗೆ ಓರೆಯಾಗಿ ನೆಟ್ಟು, ಬುಡಕ್ಕೆ ಹರಳು ಹರಡಿದೆ. ಸಂಜೆ ತಮ್ಮನಿಗೆ ಫೋನ್ ಮಾಡಿ, ಹಿತ್ತಲಿನಲ್ಲಿ ಬೋರಲಾಗಿ ಬಿದ್ದಿರುವ ಒರಳುಕಲ್ಲನ್ನಾದರೂ ಯಾರಿಗೂ ಕೊಡಬೇಡ, ಒಡೆಸಬೇಡ ಎಂದು ಹೇಳಿದೆ.